ಖಾಲಿ ಜೇಬಿನ ಗೋಸಂವರ್ಧನ ಸೂತ್ರ (ಸಭಾಷ್ಯ, ಕಾಗದನಗರ ಪಾಠ)

“ಹಿಂಡು ಮೊದಲು ಕಾಗದದಲ್ಲಿ” ಎಂಬುದು ಪ್ರಥಮ ಸೂತ್ರ. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಹುಟ್ಟಿಕೊಂಡ ಭದ್ರಾವತಿಯಲ್ಲಿ ಇದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಒಂದು ಕಡಸು, ಮೂರು ವರ್ಷಕ್ಕೊಮ್ಮೆ ಇಮ್ಮಡಿ, ಹದಿನೈದನೇ ವರ್ಷಕ್ಕೆ 32 ರಾಸು. ಗುಣಾಕಾರ ಎಲ್ಲೂ ತಪ್ಪಿಲ್ಲ. ಹೋರಿಗರುಗಳೂ ಹುಟ್ಟುತ್ತವೆಂಬ ರೂಢಿಯನ್ನು, ಗಿಡ್ಡ ತಳಿಯ ಕಡಸು ಮೊದಲ ಕರು ಹಾಕಲು ನಾಲ್ಕು ವರ್ಷದ ಹತ್ತಿರ ಕಾಯಿಸುತ್ತದೆಂಬ ವದಂತಿಯನ್ನು ಮಾತ್ರ ವಿಸ್ತಾರಭಯದಿಂದ ಕೈಬಿಟ್ಟಿದ್ದೇನೆ.

ಪೂರ್ವಸೂರಿಗಳ ವಿಚಾರ. ಮೈಸೂರಿನ ಒಡೆಯರ ದನಗಳ ‘ಬೆಣ್ಣೆ ಚಾವಡಿ’ಗೆ ಟಿಪ್ಪು ‘ಅಮೃತ ಮಹಲ್’ ಎಂದು ಹೆಸರಿಟ್ಟ. ಆ ತಳಿ ಈಗಲೂ ಅಜ್ಜಂಪುರದಲ್ಲಿದೆ. ಆ ದೊರೆಗಳಿಗೆ ಊರೂರಿನಲ್ಲೂ ಕಾವಲುಗಳಿದ್ದವು. ನನಗಿರುವುದು ಭದ್ರಾ ನಾಲೆಯ ಏರಿ, ಮತ್ತು ಮಗಳ ಮದುವೆ ಕಳೆದು ಉಳಿದ ಪಿಎಫ್. ಅಮೃತ ಮಹಲನ್ನು ಗೌರವಪೂರ್ವಕ ಖಂಡಿಸಲಾಯಿತು.

ಉಳಿದದ್ದು ಮಲೆನಾಡು ಗಿಡ್ಡ. ಎತ್ತರ ಮೂರಡಿ ಆಸುಪಾಸು, ತೂಕ ನೂರು ಕೆಜಿ ಆಚೀಚೆ. ಹಾಲಿನ ವಿಷಯದಲ್ಲಿ ಪಾಠಾಂತರಗಳಿವೆ: ದಲ್ಲಾಳಿಯ ಪಾಠದಲ್ಲಿ ನಾಲ್ಕು ಲೀಟರ್, ನನ್ನ ಹಸ್ತಪ್ರತಿಯಲ್ಲಿ ಒಂದೂವರೆ.

ದಂತಪ್ರಕರಣ. ಸಂತೆಯಲ್ಲಿ ಕಡಸಿನ ತುಟಿ ಎತ್ತಿ ನೋಡಿದೆ. ಮೇಲ್ದವಡೆಯ ಮುಂದೆ ಒಂದು ಹಲ್ಲೂ ಇಲ್ಲ! ಮುದಿ ರಾಸು ಎಂದು ತೀರ್ಪಿತ್ತೆ.

“ಮೇಷ್ಟ್ರೇ, ಮೇಲೆ ಮುಂದಿನ ಹಲ್ಲಿರೋ ದನ ಎಲ್ಲಾದ್ರೂ ಸಿಕ್ಕಿದ್ರೆ ನಂಗೂ ಒಂದು ಹೇಳಿ” ಎಂದ ದಲ್ಲಾಳಿ, ಟವಲಿನಡಿ ನನ್ನ ಬೆರಳು ಹಿಡಿದ. ಅವನು ಸಾವಿರವೆಂದು ಒತ್ತಿದ್ದನ್ನು ನಾನು ನೂರೆಂದು ಅರ್ಥೈಸಿದೆ. ವ್ಯಾಖ್ಯಾನಭೇದದ ಪೂರ್ತಿ ವೆಚ್ಚ ನನ್ನ ಮೇಲೆಯೇ ಬಿತ್ತು.

ಕೊಂಡು ತಂದಾಗ ಪಕ್ಕದ ಮನೆಯ ಅಜ್ಜಿ ಗೇಟಿನಲ್ಲೇ ನಿಂತಿದ್ದರು. “ಅಯ್ಯೋ, ದುಡ್ಡು ಯಾಕೆ ಕೊಟ್ರಿ? ಯಾರದ್ದಾದ್ರೂ ಕಡಸು ಪಾಲಿಗೆ ಸಾಕಿದ್ರೆ ಒಂದು ಕರು ನಿಮ್ದೇ ಆಗ್ತಿತ್ತಲ್ಲ.” ಗ್ರಂಥಾಧಾರವಿಲ್ಲದ ಮಾತೆಂದು ಇದನ್ನು ಅಡಿಟಿಪ್ಪಣಿಗೂ ಸೇರಿಸಿಲ್ಲ.

ಬೆದೆಪ್ರಕರಣದ ಸೂತ್ರ ಚಿಕ್ಕದು: “ಬೆಳಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಬೆಳಗ್ಗೆ.” ತಪ್ಪಿದರೆ ಮತ್ತೆ 21 ದಿನ. ಜರ್ಸಿ ಕಡ್ಡಿ ಹಾಕಿಸೋಣವೆಂದರೆ ದೊಡ್ಡ ಕರು, ಸಣ್ಣ ತಾಯಿ. ಹೆರಿಗೆ ಕಷ್ಟ, ಹಿಂಡು ಗಿಡ್ಡವಾಗಿ ಉಳಿಯುವುದೂ ಇಲ್ಲ. ಆದ್ದರಿಂದ ಗಿಡ್ಡ ಹೋರಿಯನ್ನೇ ಹುಡುಕಿದೆ. ಸಂಭಾವನೆ ಒಂದು ಹೊರೆ ಭತ್ತದ ಹುಲ್ಲು. ಈ ಪ್ರಬಂಧದಲ್ಲಿ ಬಜೆಟ್ಟಿನೊಳಗೆ ಮುಗಿದ ಏಕೈಕ ವ್ಯವಹಾರ.

ಫಲಶ್ರುತಿ. ಒಂಬತ್ತು ತಿಂಗಳು ಕಳೆದು ಹತ್ತು ದಿನಕ್ಕೆ, ನಸುಕಿನಲ್ಲಿ, ಒದ್ದೆ ಕಿವಿಯ ಹೋರಿಗರು ಹುಟ್ಟಿತು. ಹಿಂಡಿನ ಬಲ ಈಗ ಮೂರು: ಹಸು, ಹೋರಿಗರು, ಮತ್ತು ದಿನಾ ಮಧ್ಯಾಹ್ನ ನನ್ನ ಹುಲ್ಲಿಗೆ ಬಾಯಿ ಹಾಕುವ ಕೆಂದ ಹಸು. ಮೂರನೆಯದು ಪ್ರಕ್ಷಿಪ್ತವೆಂದು ಕೆಲವು ವಿದ್ವಾಂಸರ ಆಕ್ಷೇಪ. ಸಂಜೆಯಾದರೆ ಅಜ್ಜಿ ಹಗ್ಗ ಹಿಡಿದು ಬಂದು, ಪ್ರಕ್ಷಿಪ್ತ ಭಾಗವನ್ನು ಮನೆಗೆ ಹೊಡೆದುಕೊಂಡು ಹೋಗುತ್ತಾರೆ.