ಕಳಿಸಿದರೆ ಹತ್ತು, ಬಿಟ್ಟರೆ ಐದು

ಲಂಚವನ್ನು ಮೇಜಿನ ಕೆಳಗೆ ಕೊಡುವುದು ಹಿಂದುಳಿದವರ ಪದ್ಧತಿ. ಅಮೆರಿಕ 1850ರಲ್ಲೇ ಅದನ್ನು ಮೇಜಿನ ಮೇಲಕ್ಕೆ ತಂದು, ಕಾಯ್ದೆಯ ಒಂದು ಕಲಮಾಗಿಸಿ, ಅಧ್ಯಕ್ಷ ಮಿಲರ್ಡ್ ಫಿಲ್‌ಮೋರ್ ಅವರಿಂದ ರುಜು ಹಾಕಿಸಿತು. ಓಡಿಬಂದ ಗುಲಾಮನೆಂದು ಹಿಡಿದು ತಂದವನನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣೆ ನಡೆಸಿದ ಕಮಿಷನರ್‌ಗೆ ಹತ್ತು ಡಾಲರ್, ಬಿಟ್ಟುಕಳಿಸಿದರೆ ಐದು. ಒಪ್ಪಿಸುವಾಗ ಕಾಗದಪತ್ರದ ಕೆಲಸ ಜಾಸ್ತಿಯಂತೆ! ಆ ಶ್ರಮ ತಗ್ಗಿಸಲೆಂದೇ ಇರಬೇಕು, ಜ್ಯೂರಿ ಬೇಡ, ಸಿಕ್ಕಿಬಿದ್ದವನ ಸಾಕ್ಷ್ಯವಂತೂ ಬೇಡವೇ ಬೇಡ ಎಂದಿತು ಕಾಯ್ದೆ. ತಾನು ಯಾರೆಂದು ಹೇಳುವ ಹಕ್ಕು ಇಲ್ಲದವನು ಆ ಕೋಣೆಯಲ್ಲಿ ಅವನೊಬ್ಬನೇ.

ಇಷ್ಟೆಲ್ಲ ಯುದ್ಧಸನ್ನಾಹ ಯಾರ ಮೇಲೆ? ಗುಲಾಮರನ್ನು ಗುಲಾಮಗಿರಿಯಿಲ್ಲದ ಉತ್ತರಕ್ಕೆ ಗುಟ್ಟಾಗಿ ದಾಟಿಸುತ್ತಿದ್ದ, ಹಳಿಯಿಲ್ಲದ, ಎಂಜಿನ್ನಿಲ್ಲದ ಒಂದು ರೈಲಿನ ಮೇಲೆ. ‘ಅಂಡರ್‌ಗ್ರೌಂಡ್ ರೈಲ್‌ರೋಡ್’ನ ಸ್ಟೇಷನ್ನೆಂದರೆ ಯಾರದೋ ಮನೆಯ ಅಟ್ಟ; ಕಂಡಕ್ಟರ್ ಎಂದರೆ ತಾನು ತಪ್ಪಿಸಿಕೊಂಡ ಮೇಲೂ ಮತ್ತೆ ಮತ್ತೆ ಮೇರಿಲ್ಯಾಂಡಿಗೆ ನುಗ್ಗಿ ಸುಮಾರು 70 ಮಂದಿಯನ್ನು ಕರೆತಂದ ಹ್ಯಾರಿಯೆಟ್ ಟಬ್‌ಮನ್. ಫಿಲಡೆಲ್ಫಿಯಾದಲ್ಲಿ ವಿಲಿಯಂ ಸ್ಟಿಲ್ ಬಂದವರನ್ನು ಕೂರಿಸಿಕೊಂಡು ಹೆಸರು, ಊರು, ಬಿಟ್ಟುಬಂದ ಮಕ್ಕಳ ವಿವರ ಕೇಳಿ ಬರೆದುಕೊಂಡು, ಆ ಕಡತವನ್ನು ಬಚ್ಚಿಡುತ್ತಿದ್ದ. ಸರಕಾರಿ ಕಚೇರಿಯಲ್ಲಿ ಇವರ ಬಾಯಿಗೆ ಬೀಗ. ಕಳ್ಳ ಕಚೇರಿಯಲ್ಲಿ ಹೇಳಿಕೆ ದಾಖಲು. ಇಂಥವರಿಗೆ ಒಂದು ಹೊತ್ತಿನ ಊಟ, ಒಂದು ರಾತ್ರಿಯ ಆಸರೆ ಕೊಟ್ಟವರಿಗೆ ಸಾವಿರ ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಅಷ್ಟು ಸಾಲದೆಂಬಂತೆ, ದಾರಿಯಲ್ಲಿ ಹೋಗುವವನನ್ನೂ ‘ಬಾ, ಹಿಡಿ’ ಎಂದು ಕರೆಯುವ ಅಧಿಕಾರ ಮಾರ್ಷಲ್‌ಗಳಿಗೆ.

ವಿಜ್ಞಾನವೇನು ಕೈಕಟ್ಟಿ ಕೂತಿತ್ತೇ? 1851ರಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಕಾರ್ಟ್‌ರೈಟ್, ಗುಲಾಮರು ಓಡಿಹೋಗುವುದು ಒಂದು ಮಾನಸಿಕ ಕಾಯಿಲೆ ಎಂದು ಪತ್ತೆಹಚ್ಚಿದರು. ಹೆಸರು ‘ಡ್ರಾಪೆಟೋಮೇನಿಯಾ’. ಅವರು ಬರೆದುಕೊಟ್ಟ ಔಷಧಿಯಲ್ಲಿ ಚಾಟಿಯೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಕಾಯ್ದೆಯ ಖರ್ಚುವೆಚ್ಚ ನೋಡಬೇಕೆಂದರೆ 1854ರ ಬಾಸ್ಟನ್ನಿಗೆ ಬನ್ನಿ. ವರ್ಜೀನಿಯಾದಿಂದ ತಪ್ಪಿಸಿಕೊಂಡು ಬಂದಿದ್ದ ಆಂಥನಿ ಬರ್ನ್ಸ್ ಸಿಕ್ಕಿಬಿದ್ದ. ಊರಿನವರು 1,200 ಡಾಲರ್ ಕೂಡಿಸಿದರು, ಒಡೆಯನೂ ಬಿಟ್ಟುಕೊಡಲು ಒಪ್ಪಿದ. ಸರಕಾರಿ ವಕೀಲರು ಅಡ್ಡಬಂದರು. ಕಾಯ್ದೆಯ ಮರ್ಯಾದೆ ಮುಖ್ಯ ನೋಡಿ. ಕಮಿಷನರ್ ಎಡ್ವರ್ಡ್ ಲೋರಿಂಗ್ ಹತ್ತು ಡಾಲರ್‌ನ ತೀರ್ಪು ಕೊಟ್ಟರು. ಅಂಗಡಿಗಳು ಕಪ್ಪು ಬಟ್ಟೆ ಇಳಿಬಿಟ್ಟಿದ್ದ ಬೀದಿಯಲ್ಲಿ, ಫಿರಂಗಿ ಸಮೇತ ಸೈನ್ಯದ ನಡುವೆ, ಒಬ್ಬೇ ಒಬ್ಬನನ್ನು ಹಡಗಿಗೆ ನಡೆಸಿದರು. ಈ ಮೆರವಣಿಗೆಗೆ ಆದ ಖರ್ಚು 40,000 ಡಾಲರ್ ಎಂಬ ಅಂದಾಜಿದೆ. ಮರುವರ್ಷ ಅದೇ ಬಾಸ್ಟನ್ನಿನವರು 1,300 ಡಾಲರ್ ಕೊಟ್ಟು ಅವನನ್ನು ಬಿಡಿಸಿಕೊಂಡರು. ಸರಕಾರಕ್ಕೆ ದಕ್ಕಿದ್ದು ಒಂದೇ: ಅದುವರೆಗೆ ತಮ್ಮ ಪಾಡಿಗೆ ತಾವಿದ್ದವರೂ ಗುಲಾಮಗಿರಿಯ ವಿರೋಧಿಗಳಾದರು. ಗುಟ್ಟಿನ ರೈಲಿಗೆ ಇಷ್ಟು ದೊಡ್ಡ ಜಾಹೀರಾತು ಕೊಡುವ ತಾಕತ್ತು ಸರಕಾರಕ್ಕಲ್ಲದೆ ಇನ್ನಾರಿಗಿದ್ದೀತು?

ಕೊನೆಗೆ 1860ರ ಡಿಸೆಂಬರ್. ರಾಜ್ಯಗಳ ಹಕ್ಕಿಗಾಗಿ ಗಂಟಲು ಹರಿದುಕೊಳ್ಳುತ್ತಿದ್ದ ಸೌತ್ ಕ್ಯಾರೊಲಿನಾ ಒಂದು ದೂರುಪಟ್ಟಿ ಹೊರಡಿಸಿತು. ಅದರಲ್ಲಿದ್ದ ದೊಡ್ಡ ದೂರು, ಉತ್ತರದ ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಂಡು ಗುಲಾಮರನ್ನು ಹಿಡಿದುಕೊಡುತ್ತಿಲ್ಲ ಎಂಬುದು. ಹೀಗೆ ಓಡಿದವರನ್ನು ಹಿಡಿಯಲಿಲ್ಲವೆಂದು ಮುನಿದ ರಾಜ್ಯ ತಾನೇ ಒಕ್ಕೂಟದಿಂದ ಓಡಿಹೋಯಿತು. ಅದರ ಬೆನ್ನಿಗೇ ಇನ್ನೂ ಹತ್ತು. ಈ ಸಾಂಕ್ರಾಮಿಕಕ್ಕೆ ಮಾತ್ರ ಡಾಕ್ಟರ್ ಕಾರ್ಟ್‌ರೈಟ್ ಯಾವ ಹೆಸರನ್ನೂ ಇಡಲಿಲ್ಲ.