ಆಯ್ತಾ ಕಣ್ಣು?

ಕೊಯಮತ್ತೂರಿನ ಪಶ್ಚಿಮಕ್ಕೆ, ಬೆಟ್ಟದ ಬುಡದ ತೊಂಡಾಮುತ್ತೂರು ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ಕುಟುಂಬಗಳಿವೆ. ಮಗುವನ್ನು ಕಕ್ಕಸಿನ ಪಾಟಿಯ ಮೇಲೆ ಕೂರಿಸಿದ ಹೊತ್ತಿನಲ್ಲಿ ಮಾತ್ರ ಎರಡೂ ಭಾಷೆ ಒಟ್ಟಿಗೆ ದುಡಿಯುತ್ತವೆ. ಅಜ್ಜಿ "ಆಯ್ತಾ ಕಣ್ಣು?" ಎನ್ನುತ್ತಾರೆ. ಅಡಿಕೆ ಸುಲಿಯಲು ಬಂದಾಕೆ ಅದನ್ನೇ ತಮಿಳಿನಲ್ಲಿ ಕೇಳುತ್ತಾಳೆ. ಬಾಳೆಗೊನೆಯ ಲೆಕ್ಕಕ್ಕೆ ಬಂದ ವ್ಯಾಪಾರಿಯೂ ಜಗಲಿಯಿಂದ ಇಣುಕುತ್ತಾನೆ. ಇಷ್ಟು ಜನರ ಎದುರು ದೊಡ್ಡವರಿಗೂ ಆಗುವುದಿಲ್ಲ!

ಆದರೂ ನಮ್ಮ ಮನೆಯ ಪುಟ್ಟಿ ಎರಡೂವರೆ ವರ್ಷಕ್ಕೆಲ್ಲ ಕಲಿತಳು. ಸುದ್ದಿ ಚುನಾವಣೆಯ ಫಲಿತಾಂಶದಂತೆ ಊರಿಗೆಲ್ಲ ಹಬ್ಬಿತು. ಅದಾದ ಕೆಲವೇ ದಿನಕ್ಕೆ ಚಡ್ಡಿ ಮತ್ತೆ ಒದ್ದೆ. "ದೃಷ್ಟಿ" ಎಂದರು ಅಜ್ಜಿ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದರು, ಚಡ್ಡಿ ಒದ್ದೆಯಾಗಿಯೇ ಉಳಿಯಿತು.

ಮಕ್ಕಳ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಉಚ್ಚೆಯದ್ದಲ್ಲ, ಎರಡಕ್ಕೆ ಹೋಗುವುದರದ್ದು. ಒಮ್ಮೆ ಗಟ್ಟಿಯಾಗಿ ಹೋಗಿ ನೋವಾದರೆ ಮಗು ಮರುದಿನ ಬಿಗಿಹಿಡಿಯುತ್ತದೆ. ಹಿಡಿದಷ್ಟೂ ಅದು ಗಟ್ಟಿಯಾಗುತ್ತದೆ, ಕರುಳಿನ ತುದಿ ಹಿಗ್ಗುತ್ತದೆ, ಬಂದಿತೆಂಬ ಸೂಚನೆಯೇ ಮಂಕಾಗುತ್ತದೆ. ಹಿಗ್ಗಿದ ಕರುಳು ಪಕ್ಕದ ಮೂತ್ರಕೋಶವನ್ನು ಒತ್ತುವುದರಿಂದ ಉಚ್ಚೆಯೂ ತಡೆಯದು. ಗಟ್ಟಿಯ ಪಕ್ಕದಿಂದ ತೆಳ್ಳಗೆ ಸೋರಿದರಂತೂ ಮನೆಯವರು ಭೇದಿಯೆಂದು ತಿಳಿದು ಹಣ್ಣು ನಿಲ್ಲಿಸುತ್ತಾರೆ. ಮಾಡಬೇಕಾದ್ದಕ್ಕೆ ನೇರ ಉಲ್ಟಾ.

ಹಾಗಾಗಿ ಕಲಿತದ್ದು ಕೆಡದಿರಲು ಕಾಯಬೇಕಾದ್ದು ಹೊಟ್ಟೆಯನ್ನು. ಸುತ್ತ ಬಾಳೆತೋಟ, ಪಪ್ಪಾಯಿ, ಸೊಪ್ಪು ಇರುವ ಊರಿನಲ್ಲಿ ಇದು ಕಷ್ಟವಲ್ಲ. ಕಷ್ಟ ಹಾಲಿನದು. ಮಗು ಊಟ ಬಿಟ್ಟರೆ ಲೋಟ ಲೋಟ ಹಾಲು ಕುಡಿಸಿ ಸಮಾಧಾನಪಡುವ ನಮ್ಮ ಅಭ್ಯಾಸವೇ ಎಷ್ಟೋ ಸಲ ಮಲಬದ್ಧತೆಯ ಮೂಲ. ಉಂಡ ಮೇಲೆ ಕರುಳು ತಾನಾಗಿ ಚಲಿಸುತ್ತದೆ; ತಿಂಡಿಯಾಗಿ ಸ್ವಲ್ಪ ಹೊತ್ತಿಗೆ ಐದು ನಿಮಿಷ ಕೂರಿಸಿದರೆ ಸಾಕು. ಕಾಲು ಊರುವಂತಿರಬೇಕು, ಜೋತಾಡಬಾರದು. ಕಾಲು ಚಾಚಿ ಪಾದಗಳ ಮೇಲೆ ಮಗುವನ್ನು ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಇದು ಯಾವ ಪುಸ್ತಕವೂ ಇಲ್ಲದೆ ಗೊತ್ತಿತ್ತು.

ಪುಸ್ತಕದವರೂ ಒಳ್ಳೆಯ ಮಾತು ಹೇಳಿದ್ದಾರೆನ್ನಿ. ಅಮೆರಿಕದ ಮಕ್ಕಳ ವೈದ್ಯ ಬ್ರೆಜೆಲ್ಟನ್ 1962ರಲ್ಲಿ 1,170 ಮಕ್ಕಳ ದಾಖಲೆ ಇಟ್ಟುಕೊಂಡು, ಒತ್ತಾಯ ಬಿಟ್ಟು ಮಗುವಿನ ಸಿದ್ಧತೆಗೆ ಕಾಯಿರಿ ಎಂದರು. ಆ ಮಕ್ಕಳು ಹಗಲಿನ ಪಾಠ ಮುಗಿಸಿದ್ದು ಸರಾಸರಿ ಎರಡು ವರ್ಷ ನಾಲ್ಕೂವರೆ ತಿಂಗಳಿಗೆ. ಪಕ್ಕದ ಮನೆಯ ಮಗು ಒಂದು ವರ್ಷಕ್ಕೇ ಕಲಿಯಿತೆಂದು ಹೇಳುವವರು ಎಲ್ಲ ಬೀದಿಯಲ್ಲೂ ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು ಕಳಿಸುವುದು ಲೇಸು.

ಇನ್ನು ಕಾಲದ ಕಾಟ. ಆಡಿ ತಿಂಗಳಲ್ಲಿ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ಮೈ ತಣ್ಣಗಾದಾಗ ಉಚ್ಚೆಯೂ ಹೆಚ್ಚು. ಆಗ ಮಗುವನ್ನು ಗದರುವ ಬದಲು ಸ್ವಲ್ಪ ಬೇಗಬೇಗ ಕರೆದೊಯ್ಯಬೇಕು. ತಂಗಿಯೋ ತಮ್ಮನೋ ಹುಟ್ಟುವ ಮನೆಯಲ್ಲಿ ಹೆರಿಗೆಯ ಆಸುಪಾಸಿಗೆ ಈ ಪಾಠ ಶುರುಮಾಡಲೇಬಾರದು. ಎಲ್ಲರೂ ತೊಟ್ಟಿಲ ಸುತ್ತ ಸೇರಿದಾಗ ದೊಡ್ಡ ಮಗುವಿಗೆ ತಾನೂ ಒದ್ದೆ ಮಾಡಿದರೆ ಯಾರಾದರೂ ಬಂದಾರು ಎನಿಸಿದರೆ ತಪ್ಪೇನು? ಅಂಗನವಾಡಿಗೆ ಸೇರಿಸುವ ಮುನ್ನ ಅಲ್ಲಿನ ಕಕ್ಕಸನ್ನು ಒಮ್ಮೆ ತೋರಿಸಿ ಬರುವುದೂ ಒಳ್ಳೆಯದು. ಗುರುತಿಲ್ಲದ ಜಾಗಕ್ಕೆ ಹೆದರಿ ಮಧ್ಯಾಹ್ನದವರೆಗೆ ಹಿಡಿದುಕೊಳ್ಳುವ ಮಕ್ಕಳಿದ್ದಾರೆ.

ಹಾಲು ಕಡಿಮೆಯಾಯಿತು, ಪ್ರೇಕ್ಷಕರನ್ನು ಜಗಲಿಗೆ ಕಳಿಸಿದೆವು, ಪುಟ್ಟಿಯ ಹಗಲು ಸರಿಹೋಯಿತು. ರಾತ್ರಿಯದು ಬೇರೆ ಲೆಕ್ಕ, ಅದು ಮೈ ಬಲಿತ ಹಾಗೆ ಬರುವಂಥದ್ದು. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾದರೆ ಅದನ್ನು ಕಾಯಿಲೆಯೆಂದು ಯಾರೂ ಎಣಿಸುವುದಿಲ್ಲ. ಅಜ್ಜಿ ಮಾತ್ರ ರಬ್ಬರ್ ಶೀಟನ್ನು ಎದುರುಮನೆಯ ಬಾಣಂತಿಗೆ ಕೊಡುವುದಾಗಿ ಆಗಲೇ ಮಾತು ಕೊಟ್ಟಿದ್ದಾರೆ. ನಾನದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ.