ಹಿಗ್ಗಿನ ಭಾಗವತರು

ಬೆಂಗಳೂರಿನ ಗೆಳೆಯ ತುಂಬಿಸಿಕೊಟ್ಟ ಕ್ಯಾಸೆಟ್ಟು ಅದು. ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಹೆಸರು ಹಡಗಲಿಯಿಂದ ಹರಪನಹಳ್ಳಿಗೆ ಬರುವಷ್ಟರಲ್ಲಿ ನನ್ನ ಜೇಬಿನ ಬೆವರಿಗೆ ಅಲ್ಲಲ್ಲಿ ಕರಗಿತ್ತು. ಪಕ್ಕದ ಸೀಟಿನಾಕೆಯ ಬುಟ್ಟಿಯ ಮಲ್ಲಿಗೆ ಮಾತ್ರ ಒದ್ದೆ ಬಟ್ಟೆಯೊಳಗೆ ಕೂತು ಸುಖವಾಗಿತ್ತು. ನಮ್ಮತ್ತೆ ಕನ್ನಡಕ ಏರಿಸಿ ಓದಿದಳು: “ಹಿಗ್ಗಿನ ಭಾಗವತರು. ಹೆಸರು ಛಲೋ ಅದ. ಯಾವೂರವ್ರು?”

“ದೂರದವ್ರು ಅತ್ತಿ.”

“ಹೊಸಪೇಟಿ ಆಚೀಗೇನು?”

ಹೌದೆಂದೆ. ಸುಳ್ಳಲ್ಲವಲ್ಲ.

ಜಾನ್ ಹಿಗ್ಗಿನ್ಸ್ ಹುಟ್ಟಿದ್ದು 1939ರಲ್ಲಿ, ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ. ಓದಿದ್ದು ಕನೆಕ್ಟಿಕಟ್‌ನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಹತ್ತಿದ ಕರ್ನಾಟಕ ಸಂಗೀತದ ಹುಚ್ಚು ಬಿಡಲಿಲ್ಲ. ಫುಲ್‌ಬ್ರೈಟ್ ವೇತನ ಹಿಡಿದು ಮದ್ರಾಸಿಗೆ ಬಂದು, ಕೊಳಲಿನ ಟಿ. ವಿಶ್ವನಾಥನ್ ಅವರ ಮುಂದೆ ಪಾಠಕ್ಕೆ ಕೂತರು. ತಿರುವಯ್ಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹಾಡಿದರು. ‘ಭಾಗವತರ್’ ಎಂಬ ಬಾಲವನ್ನು ರಸಿಕರೇ ಅಂಟಿಸಿದರು. ಭರತನಾಟ್ಯದ ಸಂಗೀತದ ಮೇಲೆ ಡಾಕ್ಟರೇಟು ಮಾಡಿದರು. ವಿಶ್ವನಾಥನ್ ಅವರ ಅಕ್ಕನೇ ಬಾಲಸರಸ್ವತಿ ಆಗಿರುವಾಗ ಇನ್ನೇನರ ಮೇಲೆ ಮಾಡಿಯಾರು?

ಉಡುಪಿಯಲ್ಲಿ ಅವರನ್ನು ಒಳಗೆ ಬಿಡಲಿಲ್ಲ, ಹೊರಗೇ ನಿಂತು ಹಾಡಿದರು ಎಂಬ ಕತೆಯನ್ನು ನನಗೆ ಹತ್ತು ಜನ ಹತ್ತು ಥರ ಹೇಳಿದ್ದಾರೆ. ಹೊರಗೆ ನಿಂತ ಭಕ್ತ ಯಾರೇ ಸಿಗಲಿ, ನಮ್ಮ ಜನ ಕೂಡಲೇ ಕನಕನ ಕಿಂಡಿಯ ಅಳತೆಗೆ ಕತ್ತರಿಸಿ ಹೊಲಿದುಬಿಡುತ್ತಾರೆ. ನನಗಂತೂ ಅವರು ಅತ್ತೆಯ ಅಡುಗೆಮನೆಗೆ ಬಂದದ್ದೇ ದೊಡ್ಡ ಕತೆ.

ಕ್ಯಾಸೆಟ್ಟಿನ ಮೊದಲ ಹಾಡು ‘ಕೃಷ್ಣಾ ನೀ ಬೇಗನೆ ಬಾರೋ’. ರಾಗ ಯಮುನಾ ಕಲ್ಯಾಣಿ. ಈ ಹಾಡಿನಲ್ಲೊಂದು ತಮಾಷೆಯಿದೆ. ಬೇಗ ಬಾ ಎಂದು ಕರೆಯುವುದು ಸರಿ, ಆದರೆ ಆ ‘ಬೇಗನೆ’ಗೇ ಎಲ್ಲಿಲ್ಲದ ನಿಧಾನ. ಹಿಗ್ಗಿನ್ಸರು ಅದನ್ನು ಎಳೆದು, ತೂಗಿ, ಮತ್ತೊಮ್ಮೆ ಎತ್ತಿಕೊಂಡು ಹಾಡುತ್ತಿದ್ದರೆ ಬೇಗ ಬಂದರೆಲ್ಲಿ ಹಾಡು ಮುಗಿದೀತೋ ಎಂದು ಕೃಷ್ಣನೇ ಬಾಗಿಲ ಹೊರಗೆ ತಡೆದು ನಿಲ್ಲಬೇಕು. ಕರೆಂಟು ಹೋಗಿ ಟೇಪು ಹಳೇ ಬ್ಯಾಟರಿಯ ಮೇಲೆ ಓಡತೊಡಗಿದರಂತೂ ಅಮೆರಿಕದ ದನಿ ಪಾತಾಳಕ್ಕಿಳಿದು ಕುಂಭಕರ್ಣ ಕರೆದಂತಾಗುತ್ತಿತ್ತು.

ಅತ್ತೆಯದು ಇದಕ್ಕೆ ತದ್ವಿರುದ್ಧ. ಶ್ರಾವಣದ ಶುಕ್ರವಾರ ಭೀಮವ್ವನ ಸಂಪತ್ ಶುಕ್ರವಾರದ ಹಾಡನ್ನು ಪುಸ್ತಕ ಮುಟ್ಟದೆ ಒಂದೇ ಉಸಿರಿಗೆ ಮುಗಿಸುವಳು. ಒಲೆಯ ಮೇಲೆ ಹೂರಣ ತಳ ಹಿಡಿಯಬಾರದಲ್ಲ. ಹರಪನಹಳ್ಳಿ ಭೀಮವ್ವ (1823–1903) ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಭೀಮೇಶಕೃಷ್ಣನ ಅಂಕಿತದಲ್ಲಿ ಅವಳು ಕಟ್ಟಿದ ಹಾಡುಗಳು ಹೆಂಗಸರ ಬಾಯಿಂದ ಬಾಯಿಗೆ ದಾಟಿಯೇ ನಮ್ಮ ಅಡುಗೆಮನೆಗೆ ಬಂದವು.

ಹಿಗ್ಗಿನ್ಸರ ಹಾಡು ಸುತ್ತಿದ ದಾರಿ ಇನ್ನೂ ದೊಡ್ಡದು. ಅದು ವ್ಯಾಸರಾಯರದು, ಕೃಷ್ಣದೇವರಾಯನ ಕಾಲದ ಹಂಪಿಯಲ್ಲಿದ್ದವರು, 1539ರಲ್ಲಿ ಹೋದವರು, ಆನೆಗೊಂದಿಯ ನವಬೃಂದಾವನದಲ್ಲಿರುವವರು. ಎಂದರೆ ನಮ್ಮ ನೆರೆಯವರೇ. ಆ ಹಾಡು ತಮಿಳು ಸೀಮೆಗೆ ಹೋಗಿ, ಬಾಲಸರಸ್ವತಿಯ ಅಭಿನಯದಲ್ಲಿ ಲೋಕಪ್ರಸಿದ್ಧವಾಗಿ, ಕನೆಕ್ಟಿಕಟ್‌ನವರ ಗಂಟಲಿಗೆ ಇಳಿದು, ಹಡಗಲಿ ಬಸ್ಸಿನಲ್ಲಿ ನನ್ನ ಜೇಬಿನಲ್ಲಿ ವಾಪಸು ಬಂತು. ಇದರಲ್ಲೇನೂ ಆಶ್ಚರ್ಯವಿಲ್ಲ. ಹರಪನಹಳ್ಳಿಯಂಥ ಹರಪನಹಳ್ಳಿಯೇ ಕೂತಲ್ಲಿಂದ ಏಳದೆ 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜತೆ ವಿಜಯನಗರ ಸೇರಿತು.

ಮೂರನೇ ಶುಕ್ರವಾರ ನಿಜ ಹೇಳಿದೆ. “ಅತ್ತಿ, ಅವ್ರು ಅಮೆರಿಕಾದವ್ರು. ಬಿಳಿಯರು.”

ಅತ್ತೆ ಹೋಳಿಗೆ ತಟ್ಟುವ ಕೈ ನಿಲ್ಲಿಸಿದಳು. ಟೇಪನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು. “ಉಚ್ಚಾರ ನಿನಕಿಂತ ಶುದ್ಧ ಅದ” ಎಂದು ಮತ್ತೆ ತಟ್ಟತೊಡಗಿದಳು.

ಕೂಡ್ಲಿಗಿ ಕಡೆಯ ಹಳ್ಳಿಗಳಲ್ಲಿ ಏಕಾದಶಿ ಭಜನೆಗೆ ಪ್ಯಾರಿಸ್ಸಿನಿಂದ ಬಂದ ಹಾರ್ಮೋನಿಯಮ್ ಇಲ್ಲದೆ ಬಾಯೇ ತೆರೆಯುವುದಿಲ್ಲ. ಅದರ ಕುಲಗೋತ್ರವನ್ನು ಯಾರಾದರೂ ಕೇಳಿದ್ದುಂಟೆ? ಈಗ ಅದೇ ಪೆಟ್ಟಿಗೆ ಮುಂದಿಟ್ಟುಕೊಂಡು ಕೃಷ್ಣದಾಸ್ ಎಂಬ ಅಮೆರಿಕದವರು ಹನುಮಾನ್ ಚಾಲೀಸಾ ಹಾಡುತ್ತಾರೆ. 2013ರಲ್ಲಿ ಗ್ರ್ಯಾಮಿ ನಾಮನಿರ್ದೇಶನದವರೆಗೂ ಹೋದರು. ಅಳಿಯ ಮೊಬೈಲಿನಲ್ಲಿ ಕೇಳಿಸಿದ. ಚೆನ್ನಾಗಿಯೇ ಇದೆ. ಆದರೆ ನಮ್ಮ ಭಜನೆಯವರು ಬೆಳಗಿನ ಜಾವದ ಹೊತ್ತಿಗೆ ಏರುವ ಮಟ್ಟಕ್ಕೆ ಅವರಿನ್ನೂ ಏರಬೇಕು ಅನಿಸಿತು. ಊರಭಿಮಾನ ಇರಬಹುದು.

ಒಂದು ಸಂಜೆ ಕರೆಂಟಿರಲಿಲ್ಲ. ಹಿಗ್ಗಿನ್ಸರು 1984ರ ಡಿಸೆಂಬರಿನಲ್ಲೇ, ನಾಯಿಯನ್ನು ಕರೆದುಕೊಂಡು ನಡೆಯಲು ಹೋದಾಗ, ಕುಡಿದು ಓಡಿಸುತ್ತಿದ್ದವನ ವಾಹನಕ್ಕೆ ಸಿಕ್ಕಿ ತೀರಿಕೊಂಡರೆಂದು ಅತ್ತೆಗೆ ಹೇಳಿದೆ. ನಲವತ್ತೈದು ವರ್ಷ ಅಷ್ಟೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಟೇಪಿನೊಳಗೆ ಬ್ಯಾಟರಿ ಸೋಲುತ್ತಿತ್ತು, ‘ಬೇಗನೆ’ ಹಿಂಜುತ್ತ ಹಿಂಜುತ್ತ ನಿಂತೇಹೋಗುವಂತಾಗಿತ್ತು.

“ಹೋಗು, ಹೊಸಾ ಸೆಲ್ ತೊಗೊಂಡು ಬಾ” ಎಂದಳು. “ಎಷ್ಟೊತ್ತಂತ ಕರೀಬೇಕು ಪಾಪ, ಆ ಮನುಷ್ಯಾ.”